ಕರೆದರಷ್ಟೇ ಬರುವ ಯೋಯೋ

ಯೋಯೋ ಬಗ್ಗೆ ನಮ್ಮ ತಲೆಮಾರಿನವರಿಗೆ ಗೊತ್ತಿದ್ದದ್ದು ಒಂದೇ ಸಂಗತಿ: ಕೆಳಗೆ ಬಿಟ್ಟರೆ ಮೇಲೆ ಬರುತ್ತದೆ. ಜಾತ್ರೆಯಲ್ಲೋ ಶಾಲೆ ಎದುರಿನ ಪೆಟ್ಟಿಗೆ ಅಂಗಡಿಯಲ್ಲೋ ಕೊಂಡ ಪ್ಲಾಸ್ಟಿಕ್ ಯೋಯೋ ಹಾಗೆ ಬರುತ್ತಿತ್ತು ಕೂಡ. ಸಂಜೆಯೊಳಗೆ ದಾರ ಕಗ್ಗಂಟಾಗಿ, ಹೋಳುಗಳು ಕಳಚಿ, ಒಂದು ಹೋಳು ಚರಂಡಿ ಸೇರಿದರೆ ಇನ್ನೊಂದನ್ನು ಅಜ್ಜಿ ಎಣ್ಣೆ ಬಾಟಲಿಗೆ ಮುಚ್ಚಳ ಮಾಡಿಕೊಳ್ಳುತ್ತಿದ್ದಳು. ಚನ್ನಪಟ್ಟಣದ ಅರಗು ಬಣ್ಣದ ಮರದ ಯೋಯೋ ಸ್ವಲ್ಪ ಹೆಚ್ಚು ದಿನ ಬಾಳುತ್ತಿತ್ತು. ಅದರ ಗುಣವೂ ಇಷ್ಟೇ: ಹೋಗುವುದು, ಬರುವುದು. ಚೆನ್ನಾಗಿ ಬಂದರೆ ಒಳ್ಳೆಯದು, ಬಾರದಿದ್ದರೆ ಕೆಟ್ಟದ್ದು. ಯೋಯೋ ಪರೀಕ್ಷೆ ಮಾಡಲು ಇದಕ್ಕಿಂತ ಹೆಚ್ಚಿನ ವಿದ್ಯೆ ಯಾರಿಗೂ ಬೇಕಿರಲಿಲ್ಲ.

ಈಗ ನನ್ನ ಮೇಜಿನ ಮೇಲಿರುವ ಯೋಯೋ ಬೇರೆ ಜಾತಿಯದು. ಹೆಸರು ಸಮಿಟ್. ಅಮೆರಿಕದ ಆರಿಗನ್ ರಾಜ್ಯದ ಯೂಜೀನ್ ಊರಿನ ಒನ್ ಡ್ರಾಪ್ ಎಂಬ ಕಂಪನಿಯೂ ಕೆನಡಾದ ಎಡ್ಮಂಟನ್ನಿನ ಕ್ಯಾರಿಬೂ ಲಾಡ್ಜ್ ಎಂಬ ಕಂಪನಿಯೂ ಕೂಡಿ ರೂಪಿಸಿದ್ದು. ಇಡಿಯಾಗಿ ಅಲ್ಯೂಮಿನಿಯಂ. ಇಂಥವುಗಳ ಬೆಲೆ ನೂರು ಡಾಲರಿನ ಆಸುಪಾಸು. ಇದು ನನ್ನ ಅಕ್ಕನ ಮಗನದು. ಅವನು ಹಿಲ್ಸ್‌ಬರೋದಲ್ಲಿ ಚಿಪ್ ಕಾರ್ಖಾನೆಯ ಕೆಲಸದಲ್ಲಿದ್ದಾನೆ; ಯೂಜೀನ್ ಅಲ್ಲಿಂದ ಸುಮಾರು ಎರಡು ಗಂಟೆ ದಾರಿ. ಕಳೆದ ಸಲ ಬಂದವನು ಹೊಸದೊಂದನ್ನು ಜೇಬಿನಲ್ಲಿಟ್ಟುಕೊಂಡು, ಅಂಚಿನಲ್ಲಿ ಎರಡು ಗಾಯವಿದ್ದ ಈ ಹಳೆಯದನ್ನು ನನಗೆ ಬಿಟ್ಟುಹೋದ. ಹೋಗುವಾಗ, "ಮಾವ, ಆರು ತಿಂಗಳು ಆಡಿ ಹೇಗಿದೆ ಅಂತ ನೀವೇ ಹೇಳ್ಬೇಕು. ಅಲ್ಲಿ ಎಲ್ರೂ ಎಲ್ಲಾದನ್ನೂ ಹೊಗಳ್ತಾರೆ" ಅಂದ. ನಿವೃತ್ತ ಬ್ಯಾಂಕ್ ಆಡಿಟರಿಗೆ ಇಂಥ ಮಾತು ಹೇಳಬಾರದು.

ಮೊದಲ ಆಕ್ಷೇಪಣೆ ತಕ್ಷಣವೇ ಬರೆಯಬಹುದಿತ್ತು. ಯೋಯೋ ಕೆಳಗೆ ಹೋಗುತ್ತದೆ, ಬರುವುದಿಲ್ಲ. ದಾರದ ತುದಿಯಲ್ಲಿ ತಿರುಗುತ್ತಾ ನಿಲ್ಲುತ್ತದೆ. ಕೈ ಎತ್ತಿ ಎಳೆದರೆ ಯೋಯೋವೂ ಅಷ್ಟೇ ಎತ್ತರ ಬಂದು ಅಲ್ಲೇ ತಿರುಗುತ್ತದೆ. ಜಗ್ಗಿದರೂ ಇಲ್ಲ, ಬೈದರೂ ಇಲ್ಲ. ವೇಗವೆಲ್ಲ ಇಳಿದು ಅದು ಸತ್ತ ಮೇಲೆ ದಾರವನ್ನು ಕೈಯಾರೆ ಸುತ್ತಿ ಮತ್ತೆ ಎಸೆಯಬೇಕು. ಇದು ಕೆಟ್ಟುಹೋದದ್ದಲ್ಲ, ಹೀಗೆ ಆಗಲೆಂದೇ ಮಾಡಿದ್ದು ಎಂದು ಅಳಿಯ ಹೇಳಿದಾಗ ಅಕ್ಕ ಅಡುಗೆಮನೆಯಿಂದಲೇ, "ನೂರು ಡಾಲರಿಗೆ ವಾಪಸ್ ಬರೋದನ್ನೂ ಕೊಡಲ್ವೇನೋ?" ಅಂದಳು.

ಕೊಡುವುದಿಲ್ಲ ಎನ್ನುವುದರ ಹಿಂದೆ ನೂರು ವರ್ಷದ ಕಥೆ ಇದೆ. ಹಳೆಯ ಯೋಯೋದಲ್ಲಿ ದಾರವನ್ನು ಅಚ್ಚಿಗೆ ಗಂಟು ಹಾಕಿ ಬಿಗಿಯುತ್ತಿದ್ದರು. ತುದಿ ಮುಟ್ಟಿದೊಡನೆ ದಾರ ಮತ್ತೆ ಸುತ್ತಿಕೊಳ್ಳದೆ ಬೇರೆ ದಾರಿಯೇ ಇರಲಿಲ್ಲ. ಫಿಲಿಪೀನ್ಸಿನಿಂದ ಅಮೆರಿಕಕ್ಕೆ ಹೋದ ಪೆಡ್ರೊ ಫ್ಲೋರೆಸ್ 1928ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಯೋಯೋ ತಯಾರಿಕೆ ಶುರು ಮಾಡಿದರು. ಅವರ ಯೋಯೋದಲ್ಲಿ ಗಂಟಿಲ್ಲ, ಅಚ್ಚನ್ನು ಬಳಸಿ ಬರುವ ಒಂದು ಕುಣಿಕೆ ಮಾತ್ರ. ಕುಣಿಕೆಯೊಳಗೆ ಅಚ್ಚು ಸಡಿಲವಾಗಿ ತಿರುಗಬಲ್ಲದು. ಹಾಗಾಗಿ ಯೋಯೋ ಕೆಳಗೆ ಹೋಗಿ ಕೆಲವು ಕ್ಷಣ ಅಲ್ಲೇ ನಿಂತು ತಿರುಗತೊಡಗಿತು. ಆಡುವವರು ಇದಕ್ಕೆ 'ಮಲಗುವುದು' ಎನ್ನುತ್ತಾರೆ. ಈ ಮಲಗುವ ಹೊತ್ತನ್ನು ಹಿಗ್ಗಿಸುವುದೇ ಮುಂದೆ ಎಲ್ಲರ ಕೆಲಸವಾಯಿತು. ಲಾರಿ ಗ್ಯಾರೇಜಿನವರಿಗೆಲ್ಲ ಗೊತ್ತಿರುವ ಎಸ್‌ಕೆಎಫ್ ಕಂಪನಿ 1984ರಲ್ಲಿ ಸ್ವಲ್ಪ ಕಾಲ ಬಾಲ್ ಬೇರಿಂಗ್ ಇರುವ ಯೋಯೋಗಳನ್ನು ತಯಾರಿಸಿತ್ತು. ಸ್ಯಾನ್‌ಫ್ರಾನ್ಸಿಸ್ಕೊದ ಹಲ್ಲಿನ ಡಾಕ್ಟರ್ ಟಾಮ್ ಕೂನ್ 1990ರಲ್ಲಿ ಅಲ್ಯೂಮಿನಿಯಂ ಮೈಯ, ಬೇರಿಂಗ್ ಹೊಟ್ಟೆಯ ಯೋಯೋ ಹೊರತಂದರು. ಆಮೇಲೆ ಮಲಗಿದ ಯೋಯೋವನ್ನು ಎಬ್ಬಿಸುವುದೇ ಕಷ್ಟ ಎನ್ನುವಲ್ಲಿಗೆ ಬಂತು. ಈ ಶತಮಾನದ ಮೊದಲ ದಶಕದಲ್ಲಿ ಆಟಗಾರರು, ಎಬ್ಬಿಸುವುದೇ ಬೇಡ, ಬೇಕಾದಾಗ ನಾವೇ ಕರೆದುಕೊಳ್ಳುತ್ತೇವೆ ಎಂದು ತೀರ್ಮಾನ ಮಾಡಿದರು.

ಕರೆಯುವುದಕ್ಕೆ ಬೈಂಡ್ ಎನ್ನುತ್ತಾರೆ. ತಿರುಗುತ್ತಿರುವ ಯೋಯೋದ ಸಂದಿಗೆ ದಾರದ ಒಂದು ಮಡಿಕೆಯನ್ನು ಮೆಲ್ಲಗೆ ತುರುಕಬೇಕು. ಸಂದಿಯಲ್ಲಿ ದಾರ ದಪ್ಪವಾಗುತ್ತದೆ, ಒಳಗೋಡೆಯ ಸಿಲಿಕೋನ್ ಪಟ್ಟಿ ಅದನ್ನು ಕಚ್ಚಿಕೊಳ್ಳುತ್ತದೆ, ಯೋಯೋ ಸರ್ರನೆ ಅಂಗೈಗೆ ಬಂದು ಬಡಿಯುತ್ತದೆ. ಬೆರಳ ಗಿಣ್ಣಿಗೆ ಬಡಿಯುವುದೂ ಉಂಟು. ಈ ಒಂದು ಉಪಾಯ ಕೈಗೆ ಹತ್ತಿದ ಮೇಲೆ ನನಗೆ ಯೋಯೋ ಬಗ್ಗೆ ಇದ್ದ ಅಭಿಪ್ರಾಯವೇ ತಿರುವುಮುರುವಾಯಿತು. ತಾನಾಗಿ ಬರುವ ಯೋಯೋ ಆಡುವವನಿಗೆ ಪುರುಸೊತ್ತು ಕೊಡುವುದಿಲ್ಲ; ದಾರದಲ್ಲಿ ಏನಾದರೂ ಹೆಣೆಯಲು ಹೊರಟರೆ ನಡುವೆಯೇ ಹತ್ತಿಬಿಡುತ್ತದೆ. ಬಾರದ ಯೋಯೋ ಸುಮ್ಮನಿರುತ್ತದೆ. ದಾರದ ಮೇಲೆ ಕೂರಿಸಿದರೆ ಕೂರುತ್ತದೆ, ಎಗರಿಸಿದರೆ ಎಗರಿ ಅದೇ ದಾರಕ್ಕೆ ಇಳಿಯುತ್ತದೆ, ಎರಡೆಳೆಯ ನಡುವೆ ತೂರಿಸಿದರೆ ತೂರುತ್ತದೆ. ಮಾಡುವುದೆಲ್ಲ ಕೈಯೇ. ಅಂದರೆ ಇಷ್ಟು ವರ್ಷ ಇಷ್ಟು ಜನ ಬುದ್ಧಿವಂತರು ಕೂತು ಯೋಯೋಗೆ ಕಲಿಸಿದ್ದು ಒಂದೇ ವಿದ್ಯೆ, ಏನೂ ಮಾಡದಿರುವುದು. ಯೋಯೋವನ್ನು ತೂಗಿ ನೋಡುವಾಗ ನಾನು ಹಿಡಿದ ಅಳತೆಗೋಲು ಇದೇ: ಇದು ಎಷ್ಟರಮಟ್ಟಿಗೆ ಸುಮ್ಮನಿರಬಲ್ಲದು?

ಸುಮ್ಮನಿರುವುದಕ್ಕೂ ಭೂಮಿಯ ಸೆಳೆತ ಬೇಕಂತೆ. 1985ರ ಏಪ್ರಿಲ್‌ನಲ್ಲಿ ಡಿಸ್ಕವರಿ ನೌಕೆಯಲ್ಲಿ ಕೆಲವು ಆಟಿಕೆಗಳನ್ನು ಬಾಹ್ಯಾಕಾಶಕ್ಕೆ ಒಯ್ದಿದ್ದರು, ಅದರಲ್ಲಿ ಯೋಯೋವೂ ಇತ್ತು. ಎಷ್ಟು ನಿಧಾನವಾಗಿ ಬಿಟ್ಟರೂ ಅಲ್ಲಿ ಯೋಯೋ ಸೊಗಸಾಗಿ ಹೋಗುತ್ತಿತ್ತು, ಆದರೆ ಮಲಗುತ್ತಿರಲಿಲ್ಲ. ದಾರವನ್ನು ಬಿಗಿಯಾಗಿ ಹಿಡಿದಿಡಲು ಕೆಳಗೆಳೆಯುವ ಭಾರವೇ ಅಲ್ಲಿಲ್ಲವಲ್ಲ. ತುದಿ ಮುಟ್ಟಿದ್ದೇ ತಡ, ವಾಪಸು. ಅಕ್ಕನಿಗೆ ಬೇಕಾದ ಯೋಯೋ ಅಂತರಿಕ್ಷದಲ್ಲಿ ಸಿಗುತ್ತದೆ.

ಇನ್ನು ಇಬ್ಬರು ಕೂಡಿ ಮಾಡಿದ ವಿಷಯ. ಜಂಟಿ ಖಾತೆಗಳನ್ನು ಮೂವತ್ತು ವರ್ಷ ನೋಡಿದವನಿಗೆ ಯಾರ ದುಡ್ಡು ಎಷ್ಟು ಎಂಬ ಕುತೂಹಲ ಹೋಗುವುದಿಲ್ಲ. ಸಮಿಟ್ ಕೈಗೆ ಬಂದ ಮೇಲೆ ಇದರಲ್ಲಿ ಯಾರ ಪಾಲು ಎಲ್ಲಿದೆ ಎಂದು ಹುಡುಕತೊಡಗಿದೆ. ಕೆನಡಾದವರು ತಮ್ಮ ಯೋಯೋಗಳಿಗೆ ಹಿಮ, ಬೆಟ್ಟ, ಕರಡಿಯ ಹೆಸರಿಡುವ ಜನ. ಪೀಕ್ ಎಂಬ ಅವರ ಹಳೆಯ ಯೋಯೋಗೆ ಇಂದಿಗೂ ಭಕ್ತರಿದ್ದಾರೆ. ಆರಿಗನ್ನಿನವರು ಸ್ವಂತ ಮೆಷಿನ್ ಶಾಪ್ ಇಟ್ಟುಕೊಂಡವರು. ಅವರ ಕೊಡುಗೆ ಕಣ್ಣಿಗೇ ಕಾಣುತ್ತದೆ, ಬೆರಳಿಗೂ ಸಿಗುತ್ತದೆ: ಸೈಡ್ ಇಫೆಕ್ಟ್ ಎಂಬ ಪುಟ್ಟ ಲೋಹದ ಗುಬುಟು. ಪ್ರತಿ ಹೋಳಿನ ನಡುವಿನ ತೂತಿಗೆ ಒಂದೊಂದು ಕೂರುತ್ತದೆ. ಅಚ್ಚಿನ ತಿರುಪು ಅದರೊಳಗೇ ಹೋಗುತ್ತದೆ, ಬೇರಿಂಗ್ ಅದರ ಮೇಲೇ ಕೂರುತ್ತದೆ. ತಿರುಪು ಬಿಚ್ಚಿ ಈ ಗುಬುಟು ತೆಗೆದು ಬೇರೆಯದನ್ನು ಹಾಕಬಹುದು. ಅಲ್ಯೂಮಿನಿಯಂ, ಹಿತ್ತಾಳೆ, ಟೈಟಾನಿಯಂ. ಚಪ್ಪಟೆ, ಗುಮ್ಮಟ, ಮೊಳೆ. ತೂಕದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಕೆಲವೇ ಗ್ರಾಂ ವ್ಯತ್ಯಾಸ, ಅಷ್ಟಕ್ಕೇ ಯೋಯೋದ ಸ್ವಭಾವ ಬೇರೆಯಾಗುತ್ತದೆ.

ಅಂದರೆ ಈ ಕೂಡುವ್ಯವಹಾರದಲ್ಲಿ ಇಬ್ಬರಲ್ಲ, ಮೂವರು. ಕೊಂಡವನು ಮನೆಯಲ್ಲಿ ಕೂತು ಕಡೆಯ ಕೆಲವು ಗ್ರಾಂಗಳನ್ನು ತೀರ್ಮಾನಿಸುತ್ತಾನೆ. ಇದು ಉದಾರತೆಯೋ ಜವಾಬ್ದಾರಿ ಜಾರಿಸುವ ಜಾಣತನವೋ ಎಂಬ ಅನುಮಾನ ನನಗೆ ಮೊದಲು ಇತ್ತು. ಹಿತ್ತಾಳೆಯದನ್ನು ಹಾಕಿ ಒಂದು ವಾರ ಆಡಿದ ಮೇಲೆ ಹೋಯಿತು. ಹಿತ್ತಾಳೆಯಲ್ಲಿ ಯೋಯೋ ದೃಢವಾಗಿ, ಗಂಭೀರವಾಗಿ ಇಳಿಯಿತು, ಆದರೆ ದಿಕ್ಕು ಬದಲಿಸಲು ಮಣಿಕಟ್ಟು ದುಡಿಯಬೇಕಾಯಿತು. ಅಲ್ಯೂಮಿನಿಯಮ್ಮಿನದಕ್ಕೆ ಮರಳಿದಾಗ ಗಾಳಿಯಲ್ಲಿ ಒಂದು ಗಳಿಗೆ ಹೆಚ್ಚು ನಿಂತಂತೆ ಅನ್ನಿಸಿತು. ಅನ್ನಿಸಿತು ಎಂದೆ, ನಿಂತಿತು ಅನ್ನಲಿಲ್ಲ.

ಕೂಡಿ ಮಾಡುವ ಕೆಲಸ ಈ ಲೋಕದಲ್ಲಿ ಹೊಸದೇನಲ್ಲ. ಸಾಮಾನ್ಯವಾಗಿ ಕಂಪನಿಯೂ ಒಬ್ಬ ಆಟಗಾರನೂ ಜೋಡಿ. ಆಟಗಾರ ಹೀಗಿರಲಿ ಎನ್ನುತ್ತಾನೆ, ಇವರು ನಕ್ಷೆ ತೆಗೆದು ಬಣ್ಣವಿಲ್ಲದ ಮಾದರಿಯೊಂದನ್ನು ಕಡೆದು ಕೊಡುತ್ತಾರೆ, ಅವನು ಆಡಿ, ಅಂಚಿನಲ್ಲಿ ತೂಕ ಹೆಚ್ಚಾಯಿತು, ಸಂದಿ ಕಿರಿದಾಯಿತು ಎಂದು ಗೊಣಗುತ್ತಾನೆ, ಇವರು ಮತ್ತೆ ಕಡೆಯುತ್ತಾರೆ. ಯೋಯೋ ಫ್ಯಾಕ್ಟರಿ ಕಂಪನಿ ಜೆಂಟ್ರಿ ಸ್ಟೈನ್ ಎಂಬ ಆಟಗಾರನ ಹೆಸರಿನಲ್ಲಿ ತಂದ ಶಟರ್ ಹಾಗೆ ಬಂದದ್ದು. 2014ರಲ್ಲಿ ಪ್ರಾಗ್ ನಗರದಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಅವನು ಗೆದ್ದದ್ದು ಅದರಿಂದಲೇ. ಬಂದ ಹೊಸದರಲ್ಲಿ ಅದರ ಬೆಲೆ 50 ಡಾಲರಿಗೂ ಕಡಿಮೆ ಇತ್ತು. ದುಬಾರಿ ಯೋಯೋ ಕೊಂಡವರ ಮುಂದೆ ಈ ಮಾತು ಎತ್ತಬಾರದು.

ಲೋಹದ ಕೆಲಸ ಹೇಗಿದೆ ಎಂದು ಹೇಳುವ ಅಧಿಕಾರ ನನಗಿಲ್ಲ. ಅದಕ್ಕೆ ಭಾವನ ಹತ್ತಿರ ಒಯ್ದೆ. ಭಾವ ಪೀಣ್ಯದಲ್ಲಿ ಮೂವತ್ತೈದು ವರ್ಷದಿಂದ ಲೇತ್ ಶೆಡ್ ನಡೆಸುತ್ತಿರುವವರು. ಮಗ ಯೋಯೋ ಹಿಂದೆ ಬಿದ್ದು ಪಿಯುಸಿ ಹಾಳು ಮಾಡಿಕೊಳ್ಳುತ್ತಾನೆಂದು ಒಂದು ಕಾಲಕ್ಕೆ ಕೂಗಾಡಿದವರು. ಈಗ ಅದೇ ಮಗನ ಯೋಯೋ ಬಿಚ್ಚಿ ಹಳೇ ದಿನಪತ್ರಿಕೆ ಮೇಲೆ ಹರಡಿದರು. ಎರಡು ಹೋಳು, ಎರಡು ಗುಬುಟು, ಒಂದು ತಿರುಪು, ಒಂದು ಬೇರಿಂಗ್. ಬೇರಿಂಗನ್ನು ವರ್ನಿಯರಿಗೆ ಹಿಡಿದು, "ಆರ್188 ಕಣಯ್ಯಾ ಇದು. ಎಸ್‌ಜೆಪಿ ರೋಡಲ್ಲಿ ಸಿಗುತ್ತೆ" ಅಂದರು. ಹೊರವ್ಯಾಸ 12.7 ಮಿಲಿಮೀಟರ್, ಒಳಗೆ 6.35, ಯೋಯೋದವರು ಇದನ್ನೇ ಸಿ ಸೈಜ್ ಎನ್ನುತ್ತಾರೆ.

ಹೋಳನ್ನು ಬೆಳಕಿಗೆ ಹಿಡಿದು ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಲೆಕ್ಕ ಹಾಕಿದರು. 57 ಮಿಲಿಮೀಟರ್ ರಾಡಿನಲ್ಲಿ ಹೋಳಿಗೆ 22 ಮಿಲಿಮೀಟರ್ ಉದ್ದ ಅಂದರೂ ಎರಡು ಹೋಳಿಗೆ 300 ಗ್ರಾಂ ಮಾಲು ಬೇಕು. ತಕ್ಕಡಿಗಿಟ್ಟರೆ ಎರಡೂ ಸೇರಿ 60 ಗ್ರಾಂ ಆಚೀಚೆ. "ಐದರಲ್ಲಿ ನಾಲ್ಕು ಪಾಲು ಚಿಪ್ಸ್ ಆಗಿ ನೆಲಕ್ಕೆ ಬಿದ್ದಿದೆ. ಇವರು ಯೋಯೋ ಮಾರಿ ಬದುಕ್ತಾರೋ ಗುಜರಿ ಮಾರಿಯೋ?" ಮಧ್ಯದಲ್ಲಿ ಇದ್ದಬದ್ದ ಲೋಹವನ್ನೆಲ್ಲ ತೋಡಿ ಅಂಚಿನಲ್ಲಿ ಮಾತ್ರ ದಪ್ಪ ಉಳಿಸಿದ್ದು ಏಕೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ನಡುವಿನಿಂದ 10 ಮಿಲಿಮೀಟರ್ ದೂರದಲ್ಲಿರುವ ಒಂದು ಗ್ರಾಂ ಲೋಹವನ್ನು 27 ಮಿಲಿಮೀಟರ್ ದೂರದ ಅಂಚಿಗೆ ಸರಿಸಿದರೆ ತಿರುಗಾಟ ಹಿಡಿದಿಡುವ ಅದರ ಶಕ್ತಿ ಏಳು ಪಟ್ಟು ದಾಟುತ್ತದೆ. ದೂರದ ವರ್ಗಕ್ಕೆ ತಕ್ಕಂತೆ ಏರುವ ಲೆಕ್ಕ. ಯೋಯೋ ಹೊತ್ತುಗಟ್ಟಲೆ ಮಲಗುವುದರ ಗುಟ್ಟು ಬೇರಿಂಗ್ ಒಂದೇ ಅಲ್ಲ, ಈ ಅಂಚೂ ಹೌದು. ಎರಡೂ ಕೂಡಿದ್ದರಿಂದಲೇ ಒಂದೇ ಎಸೆತಕ್ಕೆ ಅರ್ಧ ಗಂಟೆ ದಾಟಿ ತಿರುಗಿದ ದಾಖಲೆಗಳು ಸಾಧ್ಯವಾದದ್ದು.

ಭಾವ ನೋಡಬೇಕಾಗಿದ್ದದ್ದು ಬೇರೆ. ಚಕ್ಕಿಗೆ ಸಾಫ್ಟ್ ಜಾ ಹಾಕಿ, ಹೋಳಿನ ಅಂಚು ಹಿಡಿಸಿ, ನಡುವಿನ ತೂತಿಗೆ ಡಯಲ್ ಗೇಜ್ ಮುಟ್ಟಿಸಿ ಕೈಯಲ್ಲಿ ನಿಧಾನಕ್ಕೆ ತಿರುಗಿಸಿದರು. ಮುಳ್ಳು ಒಂದು ಗೆರೆಯಷ್ಟೂ ಸರಿಯಲಿಲ್ಲ; ಒಂದು ಗೆರೆ ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. "ಒಳಮುಖ ಒಂದ್ಸಲ ಹೊಡೀಬೇಕು. ತಿರುಗಿಸಿ ಹಿಡಿದು ಹೊರಮುಖ ಇನ್ನೊಂದ್ಸಲ. ಆ ತಿರುಗಿಸಿ ಹಿಡಿಯೋದರಲ್ಲೇ ಎಲ್ಲರ ಬಂಡವಾಳ ಬಯಲಾಗೋದು. ಇವನು ಹಿಡಿದಿದ್ದಾನೆ" ಅಂದರು. ಯೂಜೀನಿನ ಯಾರೋ ಕಾಣದ ಆಪರೇಟರನ್ನು ಅವರು ಏಕವಚನದಲ್ಲಿ ಕರೆದದ್ದು ನನಗೆ ದೊಡ್ಡ ಸರ್ಟಿಫಿಕೇಟಾಗಿ ಕಂಡಿತು. ಶೆಡ್ಡಿನ ಹುಡುಗರನ್ನು ಹೊಗಳುವಾಗಲೂ ಅವರದು ಅದೇ ಏಕವಚನ.

ಜೋಡಿಸಿ ಕೊಟ್ಟಾಗ ಎಸೆದು ತೋರಿಸಿದೆ. ವಾಪಸು ಬರಲಿಲ್ಲ. ಭಾವ ಒಂದು ಮಾತೂ ಆಡದೆ ಯೋಯೋ ಇಸಿದುಕೊಂಡು, ಬಿಚ್ಚಿ, ಬೇರಿಂಗಿಗೆ ಗಟ್ಟಿ ಎಣ್ಣೆಯ ಎರಡು ಹನಿ ಬಿಟ್ಟು ಮತ್ತೆ ಬಿಗಿದರು. ಎಸೆದು ಜಗ್ಗಿದರು. ಪಟ್ಟನೆ ಅವರ ಕೈಗೆ ಬಂತು. "ಡ್ರೈ ಆಗಿತ್ತು ಅಷ್ಟೇ. ಈಗ ಸರಿಯಾಯ್ತು ನೋಡು." ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಗಟ್ಟಿ ಎಣ್ಣೆ ಬೇರಿಂಗನ್ನು ಹಿಡಿಯುತ್ತದೆ, ಹಿಡಿದರೆ ದಾರ ಸುತ್ತಿಕೊಳ್ಳುತ್ತದೆ. ನೂರು ವರ್ಷ ಕಷ್ಟಪಟ್ಟು ಕಲಿಸಿದ್ದನ್ನು ಮರೆಸಲು ಎರಡು ಹನಿ ಸಾಕಾಯಿತು. ಶೆಡ್ಡಿನ ಹುಡುಗರು ಟೀ ಬರುವವರೆಗೂ ಸರದಿಯಲ್ಲಿ ಆಡಿದರು. ಮನೆಗೆ ತಂದು ಬೇರಿಂಗನ್ನು ಪೆಟ್ರೋಲಿನಲ್ಲಿ ಅಲ್ಲಾಡಿಸಿ ಒಣಗಿಸಿದ ಮೇಲೆ ಅದಕ್ಕೆ ಮತ್ತೆ ಸುಮ್ಮನಿರುವ ಬುದ್ಧಿ ಬಂತು.

ಯೋಯೋ ತೂಗಿ ನೋಡುವವರ ಭಾಷೆಯೇ ಒಂದು ಪ್ರತ್ಯೇಕ ಪ್ರಪಂಚ. ಅಳಿಯನ ಗೆಳೆಯರು ವಿಡಿಯೋ ಕರೆಯಲ್ಲಿ ಮಾತಾಡುವುದನ್ನು ಕೇಳಿದ್ದೇನೆ. ಇದು ತೇಲುತ್ತದೆ, ಅದು ಗಟ್ಟಿ. ಇದಕ್ಕೆ ಜೀವ ಇದೆ, ಅದು ಬರೀ ಸ್ಪರ್ಧೆಗೆ. ರಾಮೋತ್ಸವದ ಪೆಂಡಾಲಿನಲ್ಲಿ ಮುಂದಿನ ಸಾಲು ಹಿಡಿದು, ಕಲ್ಯಾಣಿ ರಾಗದಲ್ಲಿ ಇವತ್ತು 'ತೂಕ' ಇರಲಿಲ್ಲ ಎಂದು ತಲೆಯಾಡಿಸುವ ಹಿರಿಯರ ಹಾಗೆಯೇ. ಏನು ಹೇಳುತ್ತಿದ್ದಾರೆಂದು ಬಿಡಿಸಿ ಕೇಳಿದರೆ ಇಬ್ಬರಿಗೂ ಸಿಟ್ಟು ಬರುತ್ತದೆ, ಆದರೆ ಇಬ್ಬರೂ ಹೇಳುವುದರಲ್ಲಿ ಏನೋ ಇದೆ. 66 ಗ್ರಾಂ ತೂಕದ ಎರಡು ಯೋಯೋ ಕೈಯಲ್ಲಿ ಒಂದೇ ರೀತಿ ಇರುವುದಿಲ್ಲ. ಅದೇ ತೂಕ ಎಲ್ಲಿ ಕೂತಿದೆ ಎಂಬುದು ಬೆರಳಿಗೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ.

ಬಾಯಿಗೆ ಬರುವ ಪರೀಕ್ಷೆಯೂ ಒಂದಿದೆ. ಯೋಯೋ ಪೂರ್ತಿ ವೇಗದಲ್ಲಿ ತಿರುಗುವಾಗ ಹೆಬ್ಬೆರಳಿನ ಉಗುರನ್ನು ಅಂಚಿಗೆ ಅತಿ ಹಗುರವಾಗಿ ತಾಗಿಸಬೇಕು. ಹೋಳುಗಳು ಕೂದಲೆಳೆಯಷ್ಟು ಓರೆಯಿದ್ದರೂ ಉಗುರಿನಲ್ಲಿ ಜುಮ್ಮೆನ್ನುವ ನಡುಕ ಬರುತ್ತದೆ. ಇದನ್ನು ವೈಬ್ ಎನ್ನುತ್ತಾರೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ವಸ್ತು ಉಗುರಿಗೆ ನಿಂತ ವಸ್ತುವಿನ ಹಾಗೆ ತಟ್ಟಿದರೆ ಅದು ಪಾಸು. ನನ್ನ ಸಮಿಟ್‌ಗೆ ಎರಡು ಗಾಯ ಇರುವುದರಿಂದ ಸಣ್ಣ ನಡುಕ ಇದೆ. ಹಿಲ್ಸ್‌ಬರೋದ ಯಾವುದೋ ಪಾರ್ಕಿಂಗ್ ಜಾಗದ ಕಾಂಕ್ರೀಟು ಕೊಟ್ಟದ್ದು. ಗುಬುಟುಗಳನ್ನು ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಕಡಿಮೆಯಾಗುತ್ತದೆ, ಇನ್ನೊಂದಿಷ್ಟು ತಿರುಗಿಸಿದರೆ ಹೆಚ್ಚುತ್ತದೆ. ಹೀಗೆ ಹೊಂದಿಸುತ್ತಾ ಕೂತು ಒಂದು ಭಾನುವಾರ ಊಟದ ಹೊತ್ತು ಮೀರಿತು. ಉಗುರಿಗೆ ಬಿಟ್ಟರೆ ಆಟದಲ್ಲಿ ಈ ನಡುಕದಿಂದ ಏನೂ ತೊಂದರೆಯಿಲ್ಲ ಎಂಬುದನ್ನೂ ದಾಖಲಿಸಬೇಕು. ನಡುಕದ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳುವವರಲ್ಲಿ ಅರ್ಧ ಜನ ಆಡುವುದಕ್ಕಿಂತ ಹೆಚ್ಚು ಉಗುರು ತಾಗಿಸುತ್ತಾರೆ ಎಂದು ನನ್ನ ಗುಮಾನಿ.

ಮೈಬಣ್ಣಕ್ಕೆ ಪೂರ್ತಿ ಅಂಕ. ಇದು ಪೇಂಟಲ್ಲ, ಆನೋಡೈಸಿಂಗ್: ಅಲ್ಯೂಮಿನಿಯಮ್ಮಿನ ಮೇಲ್ಮೈಯನ್ನೇ ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹಾಯಿಸಿ ಗಟ್ಟಿ ಆಕ್ಸೈಡ್ ಮಾಡಿ, ಅದರ ಸೂಕ್ಷ್ಮ ರಂಧ್ರಗಳಿಗೆ ಬಣ್ಣ ಕುಡಿಸಿ ಮುಚ್ಚುತ್ತಾರೆ. ಅದಕ್ಕೂ ಮುಂಚೆ ಸಣ್ಣ ಮಣಿಗಳನ್ನು ರಾಚಿ ಮೈಯನ್ನು ಮಂಕಾಗಿಸಿರುತ್ತಾರೆ. ಈ ಮಂಕು ಚೆಂದಕ್ಕಲ್ಲ. ತಿರುಗುವ ಯೋಯೋವನ್ನು ಅಂಗೈ ಮೇಲೋ ತೋಳಿನ ಮೇಲೋ ನಿಲ್ಲಿಸುವ ಗ್ರೈಂಡ್ ಎಂಬ ಆಟಕ್ಕೆ ನುಣುಪಾದ ಮೈ ಆಗದು, ಚರ್ಮಕ್ಕೆ ಅಂಟಿಕೊಂಡು ವೇಗ ತಿನ್ನುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಸಮಿಟ್ ನನ್ನ ತೋಳಿನ ಮೇಲೆ ಗುಂಯ್ ಎನ್ನುತ್ತಾ ಮೊಣಕೈವರೆಗೂ ಹತ್ತಿತು. ಮೇ ತಿಂಗಳಲ್ಲಿ ಮಂಗಳೂರಿನ ಮದುವೆಗೆ ಒಯ್ದಾಗ ಬೆವರು ತಾಗಿ ಎರಡೇ ಸೆಕೆಂಡಿಗೆ ಉರುಳಿ ಬಿತ್ತು. ಎಡ್ಮಂಟನ್ ಮತ್ತು ಯೂಜೀನಿನ ಹವೆಯಲ್ಲಿ ಕೂತು ಯೋಚಿಸಿದವರಿಗೆ ಕರಾವಳಿಯ ಮೇ ತಿಂಗಳು ಹೊಳೆದಿರಲಿಕ್ಕಿಲ್ಲ.

ಇನ್ನೊಂದು ಆಕ್ಷೇಪಣೆ ಇದೆ, ಅದು ಸಮಿಟ್ ಮೇಲಲ್ಲ, ಇಡೀ ಪಂಥದ ಮೇಲೆ. ಅರ್ಧ ಗ್ರಾಂ, ನೂರನೇ ಒಂದು ಮಿಲಿಮೀಟರ್ ಎಂದು ಇಷ್ಟೆಲ್ಲ ಗುದ್ದಾಡಿದ ಮೇಲೆ ಎಲ್ಲವೂ ನೇತಾಡುವುದು ಒಂದು ಪಾಲಿಯೆಸ್ಟರ್ ದಾರದಿಂದ. ಅದು ಕೆಲವೇ ರೂಪಾಯಿಯದು. ಗಟ್ಟಿಯಾಗಿ ಆಡಿದರೆ ದಿನಕ್ಕೊಂದು ಬದಲಿಸಬೇಕು, ಇಲ್ಲದಿದ್ದರೆ ಎಳೆ ಬಿಡುತ್ತದೆ. ಉದ್ದವನ್ನು ಹೊಕ್ಕುಳ ಮಟ್ಟಕ್ಕೆ ಕತ್ತರಿಸಿಕೊಳ್ಳಬೇಕು. ನನ್ನದು ಅಳಿಯನ ಹೊಕ್ಕುಳಕ್ಕಿಂತ ಮೂರು ಬೆರಳು ಕೆಳಗಿರುವುದರಿಂದ ಅವನು ಕತ್ತರಿಸಿಟ್ಟುಹೋದ ದಾರವೆಲ್ಲ ನನಗೆ ನೆಲ ಮುಟ್ಟುತ್ತಿತ್ತು. ಹುರಿ ಹೆಚ್ಚಾದರೆ ದಾರ ತಾನೇ ಮುರುಟಿ ಸಂದಿಗೆ ನುಗ್ಗಿ, ಕರೆಯದೆಯೇ ಯೋಯೋವನ್ನು ಮೇಲೆ ಕಳಿಸುತ್ತದೆ. ಹುರಿ ಬಿಚ್ಚಿದರೆ ಕರೆದರೂ ಬರುವುದಿಲ್ಲ. ಸಮಿಟ್ ಇವತ್ತು ಯಾಕೋ ಸರಿಯಿಲ್ಲ ಅನ್ನಿಸಿದಾಗಲೆಲ್ಲ ದಾರ ಬದಲಿಸಿದ್ದೇನೆ, ಸರಿಯಾಗಿದೆ. ಲೋಹದ ಬಗ್ಗೆ ಪುಟಗಟ್ಟಲೆ ಮಾತಾಡುವ ಅಳಿಯನ ಗೆಳೆಯರ ಬಾಯಲ್ಲಿ ದಾರದ ಪ್ರಸ್ತಾಪ ಬರುವುದು ಕಡಿಮೆ. ಅದಕ್ಕೆ ಎರಡು ಕಂಪನಿ ಕೂಡುವುದಿಲ್ಲವಲ್ಲ.

ಅಂತೂ ವರದಿ ಒಪ್ಪಿಸಿದೆ. ಸುಮ್ಮನಿರುವ ವಿದ್ಯೆಯಲ್ಲಿ ಸಮಿಟ್ ಮೊದಲ ದರ್ಜೆ. ಕರೆದರೆ ಮಾತ್ರ ಬರುತ್ತದೆ, ಕರೆದಾಗ ತಡಮಾಡುವುದಿಲ್ಲ. ಯಾರ ಪಾಲು ಎಷ್ಟು ಎಂದು ಪತ್ತೆ ಹಚ್ಚಲು ಆಗಲಿಲ್ಲ, ಒಂದು ಕಡೆಯೂ ಬೆಸುಗೆಯ ಗುರುತು ಸಿಗದಂತೆ ಬೆರೆತಿದ್ದಾರೆ. ಶಟರ್ ಕೊಂಡರೆ ಹೆಚ್ಚೇನೂ ನಷ್ಟವಿಲ್ಲ ಎಂದೂ ಬರೆದೆ. ಅಳಿಯನಿಗೆ ಕೊನೆಯ ಸಾಲು ಅಷ್ಟಾಗಿ ಹಿಡಿಸಲಿಲ್ಲ. ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಡಿಸೆಂಬರಿಗೆ ಬರ್ತಾ ಟೈಟಾನಿಯಂ ಸೈಡ್ ಇಫೆಕ್ಟ್ ತಂದ್ಕೊಡ್ಲಾ? ಹಾಕಿ ನೋಡಿ, ಆಮೇಲೆ ಹೇಳಿ" ಅಂದ.

"ಅದೆಲ್ಲ ಬೇಡ ಕಣಪ್ಪ. ದಾರ ತಾ. ಹಳದೀದು. ಬಿಳಿ ಬೇಡ, ಬೇಗ ಕೊಳೆ ಕಾಣುತ್ತೆ. ಕತ್ತರಿಸಬೇಡ, ಅದನ್ನ ನಾನೇ ಮಾಡ್ಕೋತೀನಿ. ಹಾಗೇ ನಿಮ್ಮಪ್ಪನಿಗೆ ಒಂದು ವಾಪಸ್ ಬರೋ ಯೋಯೋ."